ಮನೆಯ ಮುಂದೆ ನಿಂತ ಜೀಪು

ನಮ್ಮ ಓಣಿಯ ತುದಿಯಲ್ಲಿ ಮುಚ್ಚಿಹೋದ ಒಂದು ಸೈಕಲ್ ಅಂಗಡಿ ಇದೆ. ಅದರ ಕಟ್ಟೆಯ ಮೇಲೆ ಬೆಳಗಾದರೆ ಸಾಕು, ಕೆಲಸವಿಲ್ಲದ ಹುಡುಗರು ಬಂದು ಕೂರುತ್ತಿದ್ದರು. ಗುಟ್ಕಾ, ಮೊಬೈಲು, ಜೋರು ನಗೆ. ಕೂಡ್ಲಿಗಿ ಬಸ್ಸು ನಿಲ್ಲುವುದು ಅದರ ಎದುರಿಗೇ. ಹೀಗಾಗಿ ಕಾಲೇಜಿಗೆ ಹೋಗುವ ಹುಡುಗಿಯರೆಲ್ಲ ಅವರನ್ನು ದಾಟಿಯೇ ಹೋಗಬೇಕು. ಹಾಲು ತರಲು ಹೋದರೆ ಅವರ ಕೀಟಲೆಯಲ್ಲಿ ನನಗೂ ಒಂದು ಪಾಲು ಸಿಗುತ್ತಿತ್ತು.

"ಗುಡ್ ಮಾರ್ನಿಂಗ್, ಇಂಗ್ಲಿಷ್ ಅಜ್ಜಿ! ಹೌ ಆರ್ ಯೂ?"

"ಫೈನ್. ದಾರಿಯಿಂದ ಕಾಲ್ ತಗೀರಿ" ಎನ್ನುತ್ತಿದ್ದೆ. ನಗುತ್ತಿದ್ದರು, ಆದರೆ ಕಾಲೂ ತೆಗೆಯುತ್ತಿದ್ದರು. ವಯಸ್ಸಿಗೆ ಅಷ್ಟು ಮರ್ಯಾದೆ ಉಳಿದಿತ್ತು.

ನಮ್ಮ ಎದುರುಮನೆಯ ಹುಡುಗಿಗೆ ಅದೂ ಇರಲಿಲ್ಲ. ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಅಟೆಂಡರ್. ಆ ಮನೆತನದಲ್ಲಿ ಕಾಲೇಜು ಕಂಡವಳು ಇವಳೊಬ್ಬಳೇ. ಸಂಜೆ ನನ್ನ ಹತ್ತಿರ ಸ್ಪೋಕನ್ ಇಂಗ್ಲಿಷ್ ಕಲಿಯಲು ಬರುತ್ತಿದ್ದಳು. "ಬ್ಯಾಂಕ್ ಎಕ್ಸಾಮ್ ಪಾಸ್ ಮಾಡ್ತೀನ್ರಿ ಮಿಸ್. ಆಮ್ಯಾಲೆ ನಮ್ಮಪ್ಪ ಕೌಂಟರಿಗೆ ಬಂದ್ರ, ಲೈನಿನಾಗ ನಿಲ್ರೀ ಅಂತ ಬೈತೀನಿ" ಎಂದು ಕಿಲಕಿಲ ನಗುತ್ತಿದ್ದಳು.

ಒಂದು ಸಂಜೆ ಅವಳು ನಗಲಿಲ್ಲ. ಪುಸ್ತಕ ತೆರೆದು ಕೂತವಳು ಹಾಳೆಯನ್ನೇ ತಿರುವಲಿಲ್ಲ. ಬೆಳಿಗ್ಗೆ ಆ ಹುಡುಗರು ಬೈಕನ್ನು ಅಡ್ಡ ನಿಲ್ಲಿಸಿದ್ದರಂತೆ. ಒಬ್ಬ ಅವಳ ವೇಲು ಹಿಡಿದು, "ಒಂದು ಸ್ಮೈಲ್ ಕೊಟ್ರ ಗೇಟ್ ಓಪನ್" ಎಂದನಂತೆ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡುತ್ತಲೇ ನಿಂತಿದ್ದರಂತೆ.

"ನಾಳಿಂದ ಹಿಂದಿನ ಓಣಿ ಸುತ್ತಿ ಹೋಗ್ತೀನ್ರಿ ಮಿಸ್."

"ವೈ ಶುಡ್ ಯೂ? ನೀನ್ಯಾಕ ಸುತ್ತಬೇಕು? ಪೊಲೀಸರಿಗೆ ಹೇಳೋಣ."

ಬೇಡವೆಂದಳು. ನಂತರ ಪುಸ್ತಕ ಮುಚ್ಚಿ, "ಹೇಳಿದ್ರ ನಿಲ್ಲತೈತೇನ್ರಿ?" ಎಂದು ಕೇಳಿದಳು. ಆ ದನಿಯಲ್ಲಿದ್ದ ಆಸೆ ನೋಡಿ ಅವಳೆದುರಿಗೇ ಫೋನ್ ಮಾಡಿದೆ. ಬಳ್ಳಾರಿಯ ಕಾನ್ವೆಂಟ್ ಬೋರ್ಡಿಂಗಿನಲ್ಲಿ ನಮ್ಮ ಸಿಸ್ಟರುಗಳು ಕಲಿಸಿದ್ದೇ ಅದು: ಸ್ಪೀಕ್ ಅಪ್, ಚೈಲ್ಡ್. ಸತ್ಯ ಹೇಳುವವಳು ತಲೆ ಎತ್ತಿ ಹೇಳಬೇಕು.

ಫೋನಿನಲ್ಲಿ ಮಾತಾಡಿದ ಎ.ಎಸ್.ಐ. ಸಭ್ಯ ಮನುಷ್ಯ. ಎಲ್ಲವನ್ನೂ ತಾಳ್ಮೆಯಿಂದ ಕೇಳಿದ. ನಾವಿಬ್ಬರೂ ನಾಳೆ ಠಾಣೆಗೆ ಬರುತ್ತೇವೆ ಎಂದಾಗ, "ಛೇ ಛೇ, ಬ್ಯಾಡ್ರಿ ಅಮ್ಮಾ. ವಯಸ್ಸಿಗೆ ಬಂದ ಹುಡ್ಗಿ ಸ್ಟೇಷನ್ ಮೆಟ್ಲ ಹತ್ತಬಾರ್ದು. ನಮ್ಮ ಮನ್ಯಾಗೂ ಹೆಣ್ಮಕ್ಕಳು ಅದಾರ. ನಾವ ಬರ್ತೀವಿ" ಎಂದ. ವಾಟ್ ಎ ಜಂಟಲ್‌ಮ್ಯಾನ್ ಎಂದುಕೊಂಡೆ. ನಮ್ಮ ಕಡೆ ಅದು ದೊಡ್ಡ ಮರ್ಯಾದೆ. ಠಾಣೆಗೆ ಹೋದ ಹುಡುಗಿ ಎಂದರೆ ಮುಗಿಯಿತು, ತಪ್ಪು ಯಾರದೆಂದು ಆಮೇಲೆ ಯಾರೂ ವಿಚಾರಿಸುವುದಿಲ್ಲ.

ಮರುದಿನ ಬೆಳಿಗ್ಗೆ ಜೀಪು ಬಂತು. ಮೊದಲು ಕಟ್ಟೆಯ ಮುಂದೆ ನಿಂತಿತು. ಹುಡುಗರಿಗೆ ನಾಲ್ಕು ಬಿಗಿದು, ಬೈಕಿನ ಕೀ ಕಸಿದುಕೊಂಡು, ಎಲ್ಲರನ್ನೂ ಎಬ್ಬಿಸಿದರು. ಆಮೇಲೆ ಎ.ಎಸ್.ಐ. ಅಲ್ಲಿ ಬಸ್ಸಿಗೆ ನಿಂತಿದ್ದವರನ್ನೇ ಕೇಳಿದನಂತೆ: "ಕಂಪ್ಲೇಂಟ್ ಕೊಟ್ಟ ಹುಡ್ಗಿ ಮನಿ ಯಾವ್ದ್ರಪ್ಪಾ?"

ಜೀಪು ನಮ್ಮ ಓಣಿಯೊಳಗೆ ಬಂದು ಎದುರುಮನೆಯ ಮುಂದೆ ನಿಂತಿತು. ನಾನು ಸೆರಗು ಸರಿಮಾಡಿಕೊಂಡು ಓಡಿದೆ. ಅಷ್ಟರಲ್ಲಿ ಓಣಿಯ ಬಾಗಿಲುಗಳೆಲ್ಲ ತೆರೆದಿದ್ದವು. ನಲ್ಲಿಯ ಹತ್ತಿರ ಕೊಡ ತುಂಬಿ ಹರಿಯುತ್ತಿದ್ದರೂ ಯಾರೂ ತೆಗೆಯಲಿಲ್ಲ. ಒಳಗೆ ಎ.ಎಸ್.ಐ. ಟೋಪಿ ತೆಗೆದು ಕೂತು, "ಹೆದ್ರಬ್ಯಾಡವಾ ತಂಗಿ, ಇನ್ನ ಅವರು ನಿನ್ನ ನೆಳ್ಳಿಗೂ ಬರಂಗಿಲ್ಲ" ಎನ್ನುತ್ತಿದ್ದ. ಅವಳ ಅಮ್ಮ ಕೊಟ್ಟ ಚಹಾ ಕುಡಿದ. ಕೈ ಮುಗಿದು ಹೊರಟ. ಅವನು ಮಾಡಿದ್ದರಲ್ಲಿ ಒಂದೂ ಕೆಟ್ಟದ್ದಲ್ಲ.

ಸಂಜೆ ಅವಳ ಅಪ್ಪ ನಮ್ಮ ಮನೆಗೆ ಬಂದ. ಕುರ್ಚಿ ತೋರಿಸಿದೆ, ಕೂರಲಿಲ್ಲ.

"ನೀವು ಕೆಟ್ಟದ್ದು ಮಾಡೀರಿ ಅಂತ ನಾ ಅನ್ನಂಗಿಲ್ರಿ ಅಮ್ಮಾ. ಆದ್ರ ಜೀಪು ಯಾಕ ಬಂದಿತ್ತು ಅಂತ ಯಾರೂ ಕೇಳಂಗಿಲ್ಲ. ಇವರ ಮನಿಗೆ ಜೀಪು ಬಂದಿತ್ತು, ಅಷ್ಟ ಅಂತಾರ. ಈಗಾಗ್ಲೆ ಆಫೀಸಿನಾಗ ಒಬ್ರು ಕೇಳಿದ್ರು, ಏನಪಾ, ಮಗಳದ್ದು ಏನೋ ಗದ್ಲ ಆತಂತಲ್ಲ ಅಂತ."

"ಆಕಿದು ತಪ್ಪೇನೈತಿ?"

"ತಪ್ಪಿಲ್ರಿ. ತಪ್ಪಿಲ್ಲ ಅಂತ ಎಷ್ಟ ಮನಿಗೆ ಹೋಗಿ ಹೇಳ್ಲಿ?"

ಇನ್ನು ಕಾಲೇಜು ಸಾಕು ಎಂದ. ಪರೀಕ್ಷೆ ಹತ್ತಿರವಿದೆ, ಅಷ್ಟಾದರೂ ಬರೆಯಲಿ ಎಂದು ಬೇಡಿಕೊಂಡೆ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ. ಮರುದಿನವೇ ಹುಡುಗಿಯನ್ನು ಹಡಗಲಿ ತಾಲೂಕಿನ ಹೊಳಲಿನಲ್ಲಿದ್ದ ಸೋದರತ್ತೆಯ ಮನೆಗೆ ಕಳಿಸಿದರು. ನನಗೆ ಹೇಳಿಹೋಗಲೂ ಬಿಡಲಿಲ್ಲ.

ಮನಸ್ಸು ತಡೆಯಲಿಲ್ಲ. ಆಟೋ ಹಿಡಿದು ನಾನೇ ಠಾಣೆಗೆ ಹೋದೆ. ನನ್ನ ವಯಸ್ಸಿನವಳು ಆ ಮೆಟ್ಟಿಲು ಹತ್ತಿದರೆ ಊರಿಗೆ ಏನೂ ಅನಿಸುವುದಿಲ್ಲ. ಎ.ಎಸ್.ಐ. ಎದ್ದು ಕುರ್ಚಿ ಕೊಟ್ಟ. ನಡೆದದ್ದನ್ನು ಹೇಳಿ, "ಪ್ಲೀಸ್, ನೀವೇ ಒಂದ್ಸಲ ಬಂದು ಅವರಪ್ಪನಿಗೆ ತಿಳಿಸಿ ಹೇಳಿ" ಎಂದೆ. ಅವನ ಮುಖ ಸಣ್ಣದಾಯಿತು.

"ಬರ್ತಿದ್ದೆರಿ ಅಮ್ಮಾ. ಆದ್ರ ನಾ ಮತ್ತ ಹೋದ್ರ ಏನಾಗ್ತದ? ಪೊಲೀಸ್ರು ಎಲ್ಡನೇ ಸಲ ಬಂದ್ರು ಅಂತಾರ." ಮೇಜಿನ ಮೇಲಿದ್ದ ಟೋಪಿ ಸರಿಸಿ, "ಸ್ಟೇಷನ್ನಿಗೆ ಕರಸಬಾರ್ದು ಅಂತ ಮನಿಗೇ ಬಂದೆ ನೋಡ್ರಿ" ಎಂದ. ಒಬ್ಬ ಪೇದೆ ತಂದಿಟ್ಟ ಚಹಾ ಆರಿಹೋಯಿತು.

ಪರೀಕ್ಷೆಗಳು ಅವಳಿಲ್ಲದೆ ನಡೆದವು. ಕಟ್ಟೆ ಖಾಲಿಯಾಗಿದೆ. ಸುಣ್ಣ ಬಳಿದು, ಇಲ್ಲಿ ಕೂರಬಾರದು ಎಂದು ಯಾರೋ ಬರೆಸಿದ್ದಾರೆ. ಬೇರೆ ಓಣಿಯ ಹುಡುಗಿಯರು ಈಗ ಅದರ ಮೇಲೆ ಬ್ಯಾಗು ಇಟ್ಟು, ಒಬ್ಬರ ಜಡೆ ಒಬ್ಬರು ಬಿಗಿಮಾಡಿಕೊಳ್ಳುತ್ತ ಬಸ್ಸಿಗೆ ಕಾಯುತ್ತಾರೆ. ಹಾಲು ತರುವಾಗ ನೋಡುತ್ತೇನೆ. ಸಂತೋಷಪಡಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಮೊನ್ನೆ ಅತ್ತೆಯ ಫೋನಿನಿಂದ ಅವಳೇ ಮಾತಾಡಿದಳು. ಗಂಡಿನ ಕಡೆಯವರು ನೋಡಿಕೊಂಡು ಹೋಗಿದ್ದಾರಂತೆ, ಹರಪನಹಳ್ಳಿ ಕಡೆಯವರಂತೆ.

"ಡು ಯೂ ಲೈಕ್ ಹಿಮ್?" ಎಂದೆ.

"ನೋಡಿಲ್ರಿ ಸರಿಯಾಗಿ. ಮಿಸ್, ಕಟ್ಟಿ ಮ್ಯಾಲೆ ಈಗ ಯಾರೂ ಕುಂದ್ರಂಗಿಲ್ಲೇನ್ರಿ?"

"ಯಾರೂ ಇಲ್ಲ."

"ಚಲೋ ಆತು ಬಿಡ್ರಿ." ಆ ಕಡೆ ಯಾರೋ ಕರೆದರು. ಅವಳು ದನಿ ತಗ್ಗಿಸಿದಳು. "ಮಿಸ್, ಮುಂದ ಯಾರಾದ್ರೂ ಹುಡ್ಗಿ ಬಂದು ನಿಮಗ ಹೇಳಿದ್ರ, ಫೋನ್ ಮಾಡ್ರಿ. ಮಾಡ್ದಂಗ ಇರಬ್ಯಾಡ್ರಿ. ಆದ್ರ ಜೀಪು ನಿಮ್ಮ ಮನಿ ಮುಂದ ನಿಲ್ಲಂಗ ಮಾಡ್ರಿ."

"ಆಗಲವ್ವಾ" ಎಂದೆ. ಅಷ್ಟರಲ್ಲಿ ಫೋನ್ ಕಟ್ ಆಗಿತ್ತು.