ದಿಂಬಿನ ಕೆಳಗಿನ ಕುಡುಗೋಲು

ಮೊನ್ನೆ ಪಕ್ಕದ ಮನೆಯವರ ಮೊಮ್ಮಗುವನ್ನು ನೋಡಲು ಹೋಗಿದ್ದೆ. ಬಾಗಿಲು ತೆಗೆಯುತ್ತಿದ್ದಂತೆ ಕೆಂಡದ ಮೇಲಿನ ಸಾಂಬ್ರಾಣಿ, ಬೆಳ್ಳುಳ್ಳಿ, ತೇಯ್ದ ಬಜೆ ಎಲ್ಲ ಬೆರೆತ ಬಾಣಂತಿ ಕೋಣೆಯ ವಾಸನೆ ಬಂತು. ಮಗು ಅಪ್ಪನ ಹಾಗೋ ಅಮ್ಮನ ಹಾಗೋ ಎಂದು ಎಲ್ಲರೂ ವಾದಕ್ಕಿಳಿದಿದ್ದರೆ, ನನಗೆ ಅರಸೀಕೆರೆಯಲ್ಲಿ ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದಿದ್ದ ಮೇಡಂ ನೆನಪಾದರು. ಅವರು ಹೆತ್ತವರಲ್ಲ, ಬಾಣಂತನ ಮಾಡಿದವರೂ ಅಲ್ಲ. ಆದರೂ ಆ ವಾಸನೆ ಬಂದರೆ ನನಗೆ ಅವರೇ ನೆನಪಾಗುತ್ತಾರೆ...

ಅದು ತೊಂಬತ್ತರ ದಶಕದ ಕೊನೆ. ನಾನು ಡಿಗ್ರಿ ಓದುತ್ತಿದ್ದೆ, ಅಪ್ಪನಿಗೆ ಕೊಬ್ಬರಿ ಮಂಡಿ ಇತ್ತು. ಮೇಡಂ ಮನಃಶಾಸ್ತ್ರ ಓದಿ, ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡಲು ಮೈಸೂರಿನಿಂದ ಬಂದಿದ್ದರು. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ, ಬಂದವರ ಜೊತೆ ಕೂತು ಮಾತಾಡುವುದೇ ಅವರ ಕೆಲಸ ಎಂದು ಗೊತ್ತಾದಾಗ ಅಜ್ಜಿ ಮೂಗಿನ ಮೇಲೆ ಬೆರಳಿಟ್ಟಳು. "ಮಾತಾಡಕ್ಕೂ ಸಂಬ್ಳ ಕೊಡ್ತಾರಾ? ಹಂಗಾದ್ರೆ ನಾನು ಇಷ್ಟೊತ್ತಿಗೆ ಬಂಗ್ಲೆ ಕಟ್ಟುಸ್ಬೋದಿತ್ತು ಬುಡು."

ನನಗೋ ಆ ಮಾತುಗಳನ್ನೆಲ್ಲ ತಿಳಿದುಕೊಳ್ಳುವ ಚಪಲ. ಊರಿನ ಯಾರ್ಯಾರ ಗುಟ್ಟು ಅವರ ಹೊಟ್ಟೆಯಲ್ಲಿದೆಯೋ ಎಂದು ಯೋಚಿಸಿ ಯೋಚಿಸಿ ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ. "ಬಟ್ಟೆ ಅಂಗಡಿಯವರ ಸೊಸೆ ನಿಮ್ಮ ಹತ್ರ ಬರ್ತಾರಂತೆ, ಹೌದಾ ಮೇಡಂ?" ಎಂದು ಗಾಳ ಹಾಕಿದರೆ, "ನಿಮ್ಮಮ್ಮ ತೊಕ್ಕಿಗೆ ಮೆಂತ್ಯ ಹುರಿದು ಹಾಕ್ತಾರಾ?" ಎಂದು ಕೇಳುವರು. ಉತ್ತರ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಪ್ರತಿ ಸಲ ಅಷ್ಟೇ ಆಸಕ್ತಿಯಿಂದ ಕೇಳುತ್ತಿದ್ದರು.

ಆ ವರ್ಷ ಅಕ್ಕ ಕಣಕಟ್ಟೆಯ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಳು. ಗಂಡು ಮಗುವಾಯಿತು. ಮನೆಯಲ್ಲಿ ಹಬ್ಬವೋ ಹಬ್ಬ. ಆದರೆ ಅಕ್ಕ ಮಾತ್ರ ಗೋಡೆ ಕಡೆ ಮುಖ ಮಾಡಿ ಮಲಗಿದವಳು ಏಳಲೊಲ್ಲಳು. ಮಗು ಅತ್ತರೂ ತಿರುಗುತ್ತಿರಲಿಲ್ಲ. ಅಮ್ಮ ದೃಷ್ಟಿ ತೆಗೆದಳು, ಅಜ್ಜಿ ತಾಯಿತ ಕಟ್ಟಿಸಿದಳು. ಒಂದು ಮಧ್ಯಾಹ್ನ ನಾನೊಬ್ಬಳೇ ಇದ್ದಾಗ ಅಕ್ಕ ಮೆಲ್ಲಗೆ ಹೇಳಿದಳು: "ನಾನಿಲ್ದೇ ಇದ್ರೆ ಈ ಮಗೂಗೆ ಒಳ್ಳೇದು ಕಣೇ."

ಅಡುಗೆಮನೆಯಲ್ಲಿದ್ದ ಅಮ್ಮನನ್ನು ಕರೆದು ಅವಳ ಹತ್ತಿರ ಕೂರಿಸಿ, ಒಂದೇ ಉಸಿರಿಗೆ ಮಹಡಿ ಹತ್ತಿದೆ.

ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ಎದ್ದು ಓಡಿ ಬರುತ್ತಾರೆ ಅಂದುಕೊಂಡಿದ್ದೆ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಷ್ಟು ಓದಿದವರೂ ಏನು ಮಾಡಬೇಕೆಂದು ತೋಚದೆ ಕೂರುತ್ತಾರೆ ಎಂಬುದನ್ನು ನಾನು ಮೊದಲ ಸಲ ಕಂಡದ್ದು ಆಗ.

"ನಾನು ನಿಮ್ಮನೇಲಿ ಬಾಡಿಗೆಗಿರೋಳು. ನಿಮ್ಮಮ್ಮ ಕೊಟ್ಟ ಉಪ್ಪಿನಕಾಯಿ ತಿನ್ನೋಳು. ಇವತ್ತು ಮನಸ್ಸಲ್ಲಿರೋದನ್ನೆಲ್ಲ ನನಗೆ ಹೇಳಿ, ನಾಳೆ ಅಂಗಳದಲ್ಲಿ ನನ್ನ ಮುಖ ಹೇಗೆ ನೋಡ್ತಾಳೆ? ಇಷ್ಟು ಹತ್ತಿರದವರಿಗೆ ನಾವು ಚಿಕಿತ್ಸೆ ಮಾಡಬಾರದು. ಹಾಸನದಲ್ಲಿ ಒಳ್ಳೆ ಡಾಕ್ಟರಮ್ಮ ಇದಾರೆ, ಅವರೇ ನೋಡಬೇಕು."

"ಹಸಿ ಬಾಣಂತೀನ ಅಜ್ಜಿ ಹೊಸಿಲು ದಾಟಿಸ್ತಾರಾ ಮೇಡಂ?"

"ಅದೇ ಯೋಚನೆ ಮಾಡ್ತಿದೀನಿ." ಸ್ವಲ್ಪ ಹೊತ್ತಿಗೆ ಎದ್ದರು. "ಜೀವದ ವಿಷಯ. ಇವತ್ತು ಒಂದು ಸಲ ಬರ್ತೀನಿ."

ಬಾಣಂತಿ ಕೋಣೆಯ ಮುಂದೆ ಅಜ್ಜಿ ಕಾವಲಿದ್ದಳು. ಹೊರಗಿನಿಂದ ಬಂದವರು ಕಾಲು ತೊಳೆಯದೆ ಒಳಗೆ ಹೋಗುವ ಹಾಗಿಲ್ಲ. ಮೇಡಂ ಕಾಲು ತೊಳೆದು, ಕೆಂಡದ ಹೊಗೆಗೆ ಕೈಯೊಡ್ಡಿ ಒಳಗೆ ಹೋದರು. ಆಮೇಲೆ ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. ನಾನು ಕಿವಿ ನಿಮಿರಿಸಿದ್ದೇ ಬಂತು. ಏನೂ ಕೇಳಿಸಲಿಲ್ಲ. ಕೊನೆಗೊಮ್ಮೆ ಅಕ್ಕ ಅಳುವುದು ಕೇಳಿತು. ಮಗು ಹುಟ್ಟಿದ ಮೇಲೆ ಅವಳು ಅತ್ತಿದ್ದು ಅದೇ ಮೊದಲು.

ಬಾಗಿಲು ತೆಗೆದು ಮೇಡಂ ಅಜ್ಜಿಯನ್ನು ಕರೆದರು. ಅವರು ಬಾಗಿಲಲ್ಲೇ, ಅಕ್ಕನಿಗೆ ಬೆನ್ನು ಮಾಡದೆ ನಿಂತಿದ್ದರು.

"ಅಜ್ಜಿ, ಅವಳ ದಿಂಬಿನ ಕೆಳಗೆ ಕುಡುಗೋಲಿದೆಯಲ್ಲ, ಯಾತಕ್ಕೆ?"

"ಗಾಳಿ ಗೀಳಿ ಸುಳೀದಿರ್ಲಿ ಅಂತ ಕಣವ್ವ. ಕಬ್ಬಿಣ ಇದ್ರೆ ಅವು ಹತ್ರ ಬರಕಿಲ್ಲ."

ಸಾಯುವ ಮಾತಾಡುತ್ತಿದ್ದವಳ ತಲೆಯಡಿಗೆ ನಾವೇ ಹರಿತವಾದ ಕುಡುಗೋಲು ಇಟ್ಟಿದ್ದೆವು! ಅವಳನ್ನು ಕಾಯಲಿ ಎಂದೇ ಇಟ್ಟಿದ್ದೆವು. ಮೇಡಂ ಈಗ ಮೂಢನಂಬಿಕೆಯ ಬಗ್ಗೆ ಒಂದು ಭಾಷಣ ಬಿಗಿಯುತ್ತಾರೆ, ಅಜ್ಜಿ ಅವರನ್ನು ಮೆಟ್ಟಿಲವರೆಗೂ ಅಟ್ಟಿಸಿಕೊಂಡು ಹೋಗುತ್ತಾಳೆ ಅಂದುಕೊಂಡೆ. ಅವರು ಕೇಳಿದ್ದೇ ಬೇರೆ.

"ಅಲಗಿರೋದೇ ಆಗಬೇಕಾ ಅಜ್ಜಿ, ಬರೀ ಕಬ್ಬಿಣ ಆದರೆ ಸಾಕಾ?"

ಅಜ್ಜಿ ಯೋಚಿಸಿದಳು. ಅವಳನ್ನು ಇದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. "ಕಬ್ಬಿಣ ಆಗಿದ್ರೆ ಸಾಕು."

ಅಪ್ಪ ಮಂಡಿಯಿಂದ ಕೊಬ್ಬರಿ ತೂಗುವ ಕಬ್ಬಿಣದ ತೂಕದ ಕಲ್ಲು ತಂದರು. ಅಜ್ಜಿ ಅದಕ್ಕೆ ಕುಂಕುಮವಿಟ್ಟು ಮಂಚದ ಕೆಳಗಿಟ್ಟು, ಕುಡುಗೋಲನ್ನು ತಾನೇ ಹೊರಗೆ ತಂದಳು. ಆಮೇಲೆ ಮೇಡಂ ಅಮ್ಮನನ್ನೂ ಅಜ್ಜಿಯನ್ನೂ ಕೂರಿಸಿ ಹೇಳಿದರು: "ಅವಳಿಗೆ ಬದುಕೇ ಬೇಡ ಅನ್ನಿಸ್ತಿದೆ. ಮನೆಯವರಿಗೆ ಹೇಳಬಹುದು ಅಂತ ಅವಳು ಒಪ್ಪಿದ್ದಕ್ಕೆ ಹೇಳ್ತಿದೀನಿ. ಬೀಗರಿಗೆ ಬೇಡ ಅಂದಿದಾಳೆ. ಇದು ಕಾಯಿಲೆ, ವಾಸಿಯಾಗುತ್ತೆ. ಆದರೆ ಹಾಸನಕ್ಕೆ ಹೋಗಲೇಬೇಕು. ಅಲ್ಲೀವರೆಗೆ ಒಂದು ಗಳಿಗೇನೂ ಒಬ್ಬಳನ್ನೇ ಬಿಡಬೇಡಿ."

ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಅಜ್ಜಿ, "ಬಾಣಂತಿ ಸನ್ನಿ ಅಂತಿದ್ರು ನಮ್ ಕಾಲ್ದಲ್ಲಿ," ಎಂದಳು. "ನನ್ ತಂಗೀಗೂ ಹಿಂಗೇ ಆಗಿತ್ತು. ಒಂದಿನ ನೀರಿಗೋಗ್ತೀನಿ ಅಂತ ಬಾವಿ ತಾವ್ಕೆ ಹೋದೋಳು..." ಅಂಥ ತಂಗಿಯೊಬ್ಬಳಿದ್ದಳೆಂದೇ ನಮಗೆ ಗೊತ್ತಿರಲಿಲ್ಲ. ಮರುಕ್ಷಣ ಅಪ್ಪನ ಕಡೆ ತಿರುಗಿದಳು. "ಕಾರು ಮಾಡ್ಲಾ. ಕಿವಿಗೆ ಬಟ್ಟೆ ಕಟ್ಟಿ ಕರ್ಕೊಂಡು ನಾನೂ ಬತ್ತೀನಿ."

ಆಮೇಲೆ ನಾನು ಮೇಡಂನ ಕೇಳಿದೆ, ಕಬ್ಬಿಣಕ್ಕೆ ಗಾಳಿ ಹೆದರುತ್ತೆ ಅಂತ ನೀವೂ ನಂಬ್ತೀರಾ ಎಂದು. ನಕ್ಕರು. "ನನ್ನ ನಂಬಿಕೆ ಕಟ್ಕೊಂಡು ನಿಮ್ಮಜ್ಜಿಗೇನಾಗಬೇಕು? ಬೈದು ಕಿತ್ಕೊಂಡಿದ್ರೆ, ನಾನು ಮಹಡಿ ಹತ್ತೋದ್ರೊಳಗೆ ಇನ್ನೊಂದು ಇಡ್ತಿದ್ರು. ಇನ್ನೂ ಚೂಪಾದ್ದು."

ಮೇಡಂ ಮಾತು ಕೇಳಿ ಬಾಣಂತಿ ಕಾರಿನಲ್ಲಿ ಹಾಸನಕ್ಕೆ ಹೋದ ಸುದ್ದಿ ಕಣಕಟ್ಟೆ ತಲುಪಲು ತಡವಾಗಲಿಲ್ಲ. ಅಕ್ಕನ ಅತ್ತೆ ಬಸ್ಸಿಳಿದು ಬಂದವರೇ, ಮಗುವನ್ನೂ ನೋಡದೆ ಸೀದಾ ಮಹಡಿ ಹತ್ತಿದರು. ಕಾಫಿ ಕೊಡುವ ನೆಪದಲ್ಲಿ ನಾನೂ ಹಿಂದೆಯೇ ಹೋದೆ.

"ನಮ್ ಸೊಸೆಗೆ ತಲೆ ನೆಟ್ಟಗೈತಾ ಇಲ್ವಾ, ನೀವೇ ಹೇಳ್ಬುಡಿ. ನಾಳೆ ಕರ್ಕೊಂಡೋಗಿ ಬಾಳುಸ್ಬೇಕಾದೋರು ನಾವು."

ಬರೀ ನಿಶ್ಶಕ್ತಿ ಎಂದು ಒಂದು ಮಾತು ಹೇಳಿಬಿಡಿ ಅಂತ ಅಮ್ಮ ಮೊದಲೇ ಕೈಮುಗಿದು ಬೇಡಿದ್ದಳು. ಹೇಳಿಬಿಟ್ಟಿದ್ದರೆ ಎಷ್ಟು ಸುಲಭವಾಗುತ್ತಿತ್ತು! ಮೇಡಂ ಹೇಳಲಿಲ್ಲ. "ಅವಳ ವಿಷಯ ಅವಳೇ ಹೇಳಬೇಕಮ್ಮ. ನಾನು ನಿಜಾನೂ ಹೇಳೋ ಹಾಗಿಲ್ಲ, ಸುಳ್ಳೂ ಹೇಳಲ್ಲ. ಕೆಳಗೆ ಹೋಗಿ, ಅವಳ ಪಕ್ಕ ಕೂತು ಕೇಳಿ. ಅವಳಿಗೆ ಇಷ್ಟ ಇದ್ದರೆ ಹೇಳ್ತಾಳೆ."

ಅಕ್ಕನ ಬಾಳು ಹಾಳಾಯಿತೆಂದು ಅಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. ನನಗೂ ಮೇಡಂ ಮೇಲೆ ಸಿಟ್ಟು ಬಂತು. ಆದರೆ ಅಕ್ಕ ಹೇಳಿದಳು. ಗೋಡೆ ಕಡೆಯಿಂದ ಈಚೆ ತಿರುಗಿ, ನಿಧಾನವಾಗಿ, ತಾನೇ ಹೇಳಿದಳು. ಅತ್ತೆಯವರು ಕರಗಿ ನೀರಾದರು ಅಂತೇನಿಲ್ಲ, ಮುಖ ಬಿಗಿದುಕೊಂಡೇ ಇದ್ದರು. ಹೊರಡುವಾಗ ಮಾತ್ರ ಮಗುವನ್ನೊಮ್ಮೆ ಎತ್ತಿಕೊಂಡು, "ವಾಸಿ ಆಗೋಗಂಟ ಇಲ್ಲೇ ಇರ್ಲಿ. ನಾನೇ ಬಂದು ಕರ್ಕೊಂಡೋಯ್ತೀನಿ," ಎಂದರು. ಹಾಗೇ ಬಂದರು, ಕರೆದುಕೊಂಡೂ ಹೋದರು. ಅಮ್ಮ ಅದಾದ ಮೇಲೂ ಕೆಲವು ದಿನ ಮಹಡಿಗೆ ಉಪ್ಪಿನಕಾಯಿ ಕಳಿಸಲಿಲ್ಲ. ಮೇಡಂ ಕೇಳಲೂ ಇಲ್ಲ.

ಮುಂದೆ ಅವರು ಮೈಸೂರಿಗೆ ಹೊರಟುಹೋದರು. ಆ ದಿನ ಕೋಣೆಯೊಳಗೆ ಏನು ಮಾತಾಡಿದಿರಿ ಎಂದು ಸಾಮಾನು ಕಟ್ಟುವಾಗಲೂ ಕೇಳಿದೆ. ಅಕ್ಕನನ್ನೇ ಕೇಳು ಎಂದರು. ಅಕ್ಕನನ್ನು ಎಷ್ಟೋ ವರ್ಷ ಪೀಡಿಸಿದೆ. "ಅದು ನಮ್ಮಿಬ್ಬರದು, ನಿಂಗ್ಯಾಕೆ?" ಎನ್ನುತ್ತಿದ್ದಳು.

ಮೇಡಂ ತೀರಿಕೊಂಡ ಸುದ್ದಿ ಹೋದ ವರ್ಷ ಬಂತು, ಅದೂ ತಡವಾಗಿ. ಅಕ್ಕನಿಗೆ ಹೇಳಬೇಕು ಹೇಳಬೇಕು ಎಂದು ಮುಂದೂಡುತ್ತಲೇ ಇದ್ದೆ... ಮೊನ್ನೆ ಮಗು ನೋಡಿ ಬಂದವಳೇ ಫೋನ್ ಮಾಡಿ ಹೇಳಿಬಿಟ್ಟೆ.

"ಅದು ಗೊತ್ತಿದ್ದೋರು ನಾವಿಬ್ರೇ ಕಣೇ," ಎಂದಳು. "ಈಗ ನಾನೊಬ್ಬಳೇ ಆಗೋದೆ."

ಅಳುತ್ತಿದ್ದಳು. ಆ ಗಳಿಗೆಯಲ್ಲಿ ಕೇಳಿದ್ದರೆ ಹೇಳಿಬಿಡುತ್ತಿದ್ದಳೇನೋ. ನಾನು ಕೇಳಲಿಲ್ಲ.