ಐವರ ಬ್ಯಾಂಡಿಗೆ ಹನ್ನೆರಡು ಸಾಲು

ಅರವತ್ತರ ದಶಕದ ಕೊನೆಯಲ್ಲಿ ನಾನು ಜಯನಗರದ ಒಂದು ಮಹಡಿಯ ಮೇಲಿದ್ದ ವಿಶ್ವಕೋಶದ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಸಂಗೀತದ ಸಂಪುಟ ಮೂರು ವರ್ಷವಾದರೂ ಮುಗಿದಿರಲಿಲ್ಲ. ವೀಣೆಯಿಂದ ಡೊಳ್ಳಿನವರೆಗೆ ಬರೆದು, ತಿದ್ದಿ, ಮತ್ತೆ ಬರೆದು ನನ್ನ ಕಣ್ಣು ಸೋತಿತ್ತು. ಸಂಜೆ ಮನೆಗೆ ಹೋದರೆ ಒಲೆ ಹಚ್ಚಬೇಕು. ಅಂಥ ಹೊತ್ತಿನಲ್ಲಿ ಪ್ರಧಾನ ಸಂಪಾದಕರು ಇನ್ನೊಂದು ಚೀಟಿ ತಂದು ಮೇಜಿನ ಮೇಲಿಟ್ಟರು. ಜಯನಗರದಲ್ಲೇ ಹುಟ್ಟಿ ಎರಡು ವರ್ಷಕ್ಕೆ ಚದುರಿಹೋದ ಒಂದು ರಾಕ್ ಬ್ಯಾಂಡ್. ಹನ್ನೆರಡು ಸಾಲು ಬೇಕು.

"ನಮ್ಮೂರ ಹುಡುಗ್ರು ಗಿಟಾರ್ ಹಿಡಿದದ್ದೂ ಚರಿತ್ರೇನೇ ಅಮ್ಮ, ಬರೀರಿ" ಎಂದರು.

ಬ್ಯಾಂಡಿನ ಮುಖಂಡ ಆಗ ರೇಡಿಯೋ ರಿಪೇರಿ ಅಂಗಡಿಯಲ್ಲಿದ್ದ. ಹೇಳಿಕಳಿಸಿದ ಮರುದಿನವೇ ಒಂದು ಚೀಲ ತುಂಬ ಕಾಗದ ಹೊತ್ತು ಬಂದ. ಯಾರು ಯಾವ ಬಣ್ಣದ ಅಂಗಿ ಹಾಕುತ್ತಿದ್ದರು, ಮದುವೆ ಛತ್ರದಲ್ಲಿ ಕರೆಂಟು ಹೋದಾಗ ಜನ ಹೇಗೆ ನಕ್ಕರು, ತನ್ನ ಜನ್ಮನಕ್ಷತ್ರ ಯಾವುದು, ಎಲ್ಲವನ್ನೂ ಬರೆದಿದ್ದ.

"ಎಲ್ಲಾ ಹಾಕಿ ಮೇಡಂ."

ಅಂಗಿ ಹೋಯಿತು, ನಕ್ಷತ್ರ ಹೋಯಿತು. ಛತ್ರದ ಕತೆಯನ್ನು ಹೊಡೆದುಹಾಕುವಾಗ ಸ್ವಲ್ಪ ಸಂಕಟವಾಯಿತು. ಹಲಸಿನ ಹಲಗೆಗೆ ಹಳೇ ರೇಡಿಯೋ ಸಾಮಾನು ಸೇರಿಸಿ ಅವನೇ ಮಾಡಿಕೊಂಡಿದ್ದ ಗಿಟಾರನ್ನು ಉಳಿಸಿಕೊಂಡೆ. ಕೊನೆಗೆ ಚೀಲದ ತಳದಲ್ಲಿ ಒಂದು ಫೋಟೋ ಸಿಕ್ಕಿತು. ಅವನು ಕೊಟ್ಟಿದ್ದು ನಾಲ್ಕು ಹೆಸರು, ಫೋಟೋದಲ್ಲಿ ಐದು ಜನ. ನಡುವೆ ಸೀರೆಯುಟ್ಟ ಹುಡುಗಿಯೊಬ್ಬಳು ಮೈಕ್ ಹಿಡಿದು ನಿಂತಿದ್ದಳು.

"ಇವರು ಯಾರು?" ಎಂದು ಅವನನ್ನು ಮತ್ತೆ ಕರೆಸಿ ಕೇಳಿದೆ.

"ಸುಮ್ನೆ, ಎರಡ್ಮೂರು ಸಲ ಹಾಡಿದ್ರು ಅಷ್ಟೆ."

ಬಿಡದೆ ಕೇಳಿದಾಗ ಬಾಯಿಬಿಟ್ಟ. ಒಂದೂವರೆ ವರ್ಷ ಎಲ್ಲ ಕಡೆಯೂ ಹಾಡಿದ್ದು ಅವಳೇ. ಈಗ ಮದುವೆಯಾಗಿ ಹನುಮಂತನಗರದಲ್ಲಿದ್ದಳು.

ಶನಿವಾರ ಮಧ್ಯಾಹ್ನ ಕಚೇರಿ ಮುಗಿಸಿ, ಬಿಸಿಲಲ್ಲಿ ಆ ಏರು ರಸ್ತೆ ಹತ್ತಿ ಹೋದೆ. ಅವಳು ಕಾಂಪೌಂಡಿನ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ಬಂದ ಕಾರಣ ಹೇಳಿದೆ. ಅವಳ ಕೈ ನಿಂತಿತು.

"ಹೆಸರು ಹಾಕ್ಬೇಡಿ ಅಕ್ಕ. ಇಲ್ಲಿ ಯಾರಿಗೂ ಗೊತ್ತಿಲ್ಲ. ನಂಗೆ ದೇವರನಾಮ ಬಿಟ್ರೆ ಬೇರೆ ಬರೋದೇ ಇಲ್ಲ ಅನ್ಕೊಂಡಿದ್ದಾರೆ ನಮ್ಮತ್ತೆ."

ಒಳಗಿನಿಂದ "ಯಾರಮ್ಮ ಅದು?" ಎಂದು ಅತ್ತೆಯ ದನಿ ಬಂತು.

"ಪುಸ್ತಕ ಮಾರೋರು ಅತ್ತೆ, ಹೊರಟ್ರು."

ನಾನು ಹೊರಟೆ. ಸೋಮವಾರ ಬರೆದುಕೊಟ್ಟದ್ದನ್ನು ಸಂಪಾದಕರು ಎರಡು ಸಲ ಓದಿದರು.

"ಐವರು ಅಂತೀರಿ, ಹೆಸರು ನಾಲ್ಕೇ ಇದೆ. ನಾಲ್ವರು ಅಂತ ತಿದ್ದಿ."

"ಸುಳ್ಳಾಗುತ್ತೆ ಸಾರ್."

"ಹಾಗಾದ್ರೆ ಐದನೇ ಹೆಸರು ಕೊಡಿ."

"ಅದೂ ಆಗಲ್ಲ."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನಂಗೂ ಸಾಕಾಗಿದೆ ಅಮ್ಮ. ಏನಾದ್ರೂ ಮಾಡಿ ಮುಗಿಸಿ."

ನಾನು ನಾಲ್ಕೂ ಹೆಸರು ಹೊಡೆದುಹಾಕಿದೆ. 'ಒಬ್ಬ ಗಾಯಕಿಯೂ ಸೇರಿದಂತೆ ಐವರಿದ್ದ ಈ ತಂಡ' ಎಂದು ಬರೆದು ಅಚ್ಚಿಗೆ ಕಳಿಸಿದೆ. ಅದು ನ್ಯಾಯವೋ, ಬರೀ ಸುಸ್ತೋ ಎಂದು ಯೋಚಿಸಲೂ ಆಗ ಶಕ್ತಿಯಿರಲಿಲ್ಲ.

ಸಂಪುಟ ಹೊರಬಂದಾಗ ಮುಖಂಡ ಬಂದು ಆ ಪುಟವನ್ನು ನಿಂತೇ ಓದಿದ.

"ನನ್ನ ಗಿಟಾರ್ ಇದೆ, ನಾನೇ ಇಲ್ವಲ್ಲ ಮೇಡಂ."

ಅವನು ರೇಗಿದ್ದರೆ ನನಗೆ ಸುಲಭವಾಗುತ್ತಿತ್ತು. ಜಾಗ ಸಾಲಲಿಲ್ಲ ಎಂದು ಸುಳ್ಳು ಹೇಳಿದೆ. ತಲೆಯಾಡಿಸಿ, ಪುಸ್ತಕವನ್ನು ಮೆತ್ತಗೆ ಮುಚ್ಚಿಟ್ಟು ಹೋದ.

ಆರೇಳು ತಿಂಗಳಾದ ಮೇಲೆ ಬಸ್ ಸ್ಟಾಪಿನಲ್ಲಿ ಆ ಗಾಯಕಿ ಸಿಕ್ಕಳು. ಅವಳೇ ಗುರುತು ಹಿಡಿದು ಮಾತಾಡಿಸಿದಳು.

"ಲೈಬ್ರರೀಲಿ ನೋಡ್ದೆ ಅಕ್ಕ. ಹಾಕ್ಬೇಡಿ ಅಂದೋಳು ನಾನೇ. ಆದ್ರೂ ನನ್ನ ಹೆಸರು ಎಲ್ಲಾದ್ರೂ ಇದೆಯೇನೋ ಅಂತ ಎರಡು ಸಲ ಹುಡುಕ್ದೆ."

ಅಷ್ಟರಲ್ಲಿ ಬಸ್ಸು ಬಂತು. ಇಬ್ಬರೂ ಹತ್ತಿದೆವು. ಕೂರಲು ಜಾಗವಿರಲಿಲ್ಲ. ಕಂಬಿ ಹಿಡಿದು, ಅವಳು ಇಳಿಯುವವರೆಗೂ ಪಕ್ಕಪಕ್ಕದಲ್ಲೇ ನಿಂತಿದ್ದೆವು.