ಸುಳ್ಳು ಹೇಳಿದ ಹಸಿರು ದೀಪ

ಕುಂದಾಪುರದ ಆ ಸಣ್ಣ ಕಂಪನಿಗೆ ಸೇರಿದಾಗ ಉಪ್ಪುಂದದ ಉಮಾವತಿಗೆ ನಲವತ್ತೊಂದು ವರ್ಷ. ಅದಕ್ಕೂ ಮೊದಲು ಹದಿಮೂರು ವರ್ಷ ಕಿರಿಮಂಜೇಶ್ವರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸಿದ್ದಳು. ಮಕ್ಕಳು ಬರೆದ ಪ್ರೋಗ್ರಾಂ ಸರಿಯಾಗಿ ಓಡಿದರೂ ಅವಳು ಬಿಡುತ್ತಿರಲಿಲ್ಲ. ಓಡಿದ್ದು ಯಾಕೆ, ಅದನ್ನು ಹೇಳು ಎನ್ನುತ್ತಿದ್ದಳು.

ಕಂಪನಿ ತಯಾರಿಸುತ್ತಿದ್ದುದು ಮೀನುಗಾರರ ದೋಣಿಗೊಂದು ಯಂತ್ರ. ಅಪಾಯವಾದಾಗ ಗುಂಡಿ ಒತ್ತಿದರೆ ದೋಣಿ ಇರುವ ಜಾಗ ದಡದವರ ಫೋನಿಗೆ ತಿಳಿಯಬೇಕು. ಸುದ್ದಿ ತಲುಪಿದರೆ ದೀಪ ಕೆಂಪಿನಿಂದ ಹಸಿರಿಗೆ ತಿರುಗಬೇಕು. ಆ ದೀಪದ ಪರೀಕ್ಷೆ ಉಮಾವತಿಯ ಪಾಲಿಗೆ ಬಂದಿತ್ತು.

ಹಿಂದೊಮ್ಮೆ ಕೆಲಸ ಬಿಟ್ಟವನೊಬ್ಬ ಯಂತ್ರವನ್ನು ನಡೆಸುವ ಪ್ರೋಗ್ರಾಮಿನ ಕೋಡನ್ನು ಕದ್ದು ಬೇರೆಯವರಿಗೆ ಕೊಟ್ಟಿದ್ದ. ಅಂದಿನಿಂದ ಮಾಲೀಕ ರೋಹನ್ ಎಲ್ಲರಿಗೂ ಒಂದೊಂದು ಕನ್ನಡಕ ತರಿಸಿದ್ದ. ಬರಿಗಣ್ಣಿಗೆ ಪರದೆಯ ಮೇಲೆ ಕಾಣುವುದು ಕಲಸಿಹೋದ ಅಕ್ಷರಗಳು. ಫೋಟೋ ತೆಗೆದರೂ ಅಷ್ಟೇ. ಕನ್ನಡಕ ಹಾಕಿದರೆ ಅದು ಮೊದಲು ಕಣ್ಣಿನ ಗುರುತು ಹಿಡಿಯುತ್ತಿತ್ತು, ಆಮೇಲೆ ಅವರವರಿಗೆ ಅನುಮತಿ ಇದ್ದ ಸಾಲುಗಳಷ್ಟೇ ಗಾಜಿನಲ್ಲಿ ಮೂಡುತ್ತಿದ್ದವು. ಯಾರು ಯಾವ ಸಾಲನ್ನು ಎಷ್ಟು ಹೊತ್ತು ನೋಡಿದರೆಂಬುದೂ ದಾಖಲಾಗುತ್ತಿತ್ತು. ಕದಿಯುವವರಿದ್ದಾಗ ಬೀಗ ಬೇಕೇ ಬೇಕು ಎಂದು ಉಮಾವತಿ ಅದನ್ನು ಒಪ್ಪಿಕೊಂಡಿದ್ದಳು.

ನವೆಂಬರಿನ ಒಂದು ಬೆಳಿಗ್ಗೆ ಅವಳು ಒಂದೇ ಸಾಲಿನ ಮುಂದೆ ಮುಕ್ಕಾಲು ಗಂಟೆ ಕುಳಿತಳು. ದೀಪ ಹಸಿರಾಗುವ ಮೊದಲು ಯಂತ್ರ ಕೇಳಿಕೊಳ್ಳಬೇಕಾದದ್ದು ‘ಸುದ್ದಿ ತಲುಪಿತೇ?’ ಎಂದು. ಅಲ್ಲಿ ಬರೆದಿದ್ದುದು ‘ಪ್ರಯತ್ನ ಮುಗಿಯಿತೇ?’ ಎಂದು. ಮೂರು ಸಲ ಕಳಿಸಲು ನೋಡಿ, ಮೂರು ಸಲವೂ ಸೋತು, ಯಂತ್ರ ಸುಮ್ಮನಾಗುತ್ತಿತ್ತು. ಸುಮ್ಮನಾಗುವ ಮೊದಲು ಹಸಿರು ದೀಪ ಹಚ್ಚುತ್ತಿತ್ತು.

ಅವಳು ನೇರ ರೋಹನನ ಕೋಣೆಗೆ ಹೋದಳು. ಆ ಭಾಗ ಬೇರೆ ಕಂಪನಿಯಿಂದ ಕೊಂಡು ತಂದದ್ದು, ಅಲ್ಲೇ ಪರೀಕ್ಷೆಯಾಗಿದೆ, ಸೋಮವಾರ ನಾನೂರು ದೋಣಿಗೆ ಹಂಚುವುದಿದೆ, ಈಗ ತಕರಾರು ತೆಗೆಯಬೇಡಿ ಎಂದ ಅವನು. ಪರೀಕ್ಷೆ ಮುಗಿದಿದೆ ಎಂಬ ಕಾಗದವನ್ನೂ ಮುಂದಿಟ್ಟ.

“ಉಮಕ್ಕ, ನಿಮ್ದೊಂದ್ ಸಹಿ ಹಾಕಿ ಕೊಡಿ.”

“ದೀಪ ಸುಳ್ ಹೇಳತ್ತ್. ನಾ ಸಹಿ ಹಾಕುದಿಲ್ಲೆ.”

ಮರುದಿನ ಅವಳು ಕನ್ನಡಕ ಹಾಕಿಕೊಂಡಾಗ ಗಾಜಿನಲ್ಲಿ ‘ಅನುಮತಿ ಇಲ್ಲ’ ಎಂಬ ಎರಡು ಪದ ಬಿಟ್ಟು ಇನ್ನೇನೂ ಕಾಣಲಿಲ್ಲ. ಅವಮಾನದಿಂದ ಕಿವಿ ಬಿಸಿಯಾಯಿತು. ಕನ್ನಡಕವನ್ನು ಮೇಜಿನ ಮೇಲಿಟ್ಟು, ತಾನು ಕಂಡದ್ದನ್ನು ಕೈಯಲ್ಲೇ ಒಂದು ಹಾಳೆ ಬರೆದು, ರೋಹನನ ಕೈಗೆ ಕೊಟ್ಟು ಊರಿನ ಬಸ್ಸು ಹತ್ತಿದಳು. ಹೊರಗೆ ಯಾರಿಗೂ ಕೋಡಿನ ಒಂದಕ್ಷರ ಹೇಳಕೂಡದೆಂದು ಕರಾರಿತ್ತು. ಅದನ್ನು ಮುರಿಯುವ ಯೋಚನೆ ಅವಳಿಗಿರಲಿಲ್ಲ. ಗಾಜಿನ ಒಳಗಿರುವುದಕ್ಕೆ ಬೀಗ ಹಾಕಬಹುದು, ಯಂತ್ರ ಕಡಲಲ್ಲಿ ಮಾಡುವುದಕ್ಕೆ ಹೇಗೆ ಹಾಕುತ್ತಾರೆ?

ಶನಿವಾರ ಉಪ್ಪುಂದದ ಮೀನುಗಾರರ ಸಂಘದಲ್ಲಿ ರೋಹನ್ ಯಂತ್ರ ತೋರಿಸಲು ಬಂದ. ಗುಂಡಿ ಒತ್ತಿದ, ಸಂಘದ ಅಧ್ಯಕ್ಷ ಸುಬ್ಬನ ಫೋನು ಕೂಗಿತು, ದೀಪ ಹಸಿರಾಯಿತು, ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಿಂದ ಉಮಾವತಿ ಎದ್ದು ನಿಂತಳು.

“ಒಳ್ಗಿನ ವಿಷ್ಯ ನಾ ಹೇಳುದಿಲ್ಲೆ. ಫೋನ್ ಸಿಗದ್ ಜಾಗಕ್ಕೆ ಇದನ್ ತಕಂಡ್ ಹೋಯ್ ಒಂದ್ಸಲ ಒತ್ತಿ ಕಾಣಿ. ಅಷ್ಟೇ.”

ಸುಬ್ಬ ಮುದುಕ, ಕಡಲು ಕಂಡವನು. ನ್ಯಾಯದ ಮಾತು, ಒಪ್ಪಬಹುದು ಎಂದ. ಅಷ್ಟು ಜನರೆದುರು ರೋಹನನಿಗೆ ಒಲ್ಲೆ ಎನ್ನಲಾಗಲಿಲ್ಲ. ಸುದ್ದಿ ಬಂದ ಕೂಡಲೇ ಹೊರಡಲು ಇನ್ನೊಂದು ದೋಣಿ ದಡದಲ್ಲಿ ಸಜ್ಜಾಗಿರಬೇಕೆಂದೂ ಮಾತಾಯಿತು. ಪರೀಕ್ಷೆಗೆ ಉಮಾವತಿಯ ತಮ್ಮ ರಾಘವೇಂದ್ರ ತನ್ನ ದೋಣಿ ಇಳಿಸಿದ. ಅವನ ಜೊತೆ ಉಮಾವತಿ, ರೋಹನ್ ಇಬ್ಬರೂ ಹೊರಟರು. ಇಳಿಸುತ್ತಲೇ ಮೆಲ್ಲಗೆ, “ಅಕ್ಕ, ಕೆಲ್ಸ ಹೋಪುದ್ ಗ್ಯಾರಂಟಿ” ಎಂದ.

“ಹೋಯ್ಲಿ. ನೀ ಎಂಜಿನ್ ಚಾಲೂ ಮಾಡ್.”

ದಡ ಒಂದು ಗೆರೆಯಾಗಿ, ಆಮೇಲೆ ಅದೂ ಮಸುಕಾದ ಮೇಲೆ ಮೂವರ ಫೋನಿಗೂ ಸಿಗ್ನಲ್ ಹೋಯಿತು. ಗುಂಡಿಯನ್ನು ರೋಹನನೇ ಒತ್ತಿದ. ಕೆಂಪು ದೀಪ ಮಿನುಗಿತು, ಮಿನುಗಿತು, ಹಸಿರಾಯಿತು. ಅವನು ಗೆದ್ದವನಂತೆ ತಲೆಯೆತ್ತಿದ.

“ಹಸಿರಾಯ್ತಲ್ದಾ. ಎಂಜಿನ್ ಬಂದ್ ಮಾಡ್ ರಾಘು. ಅವ್ರ್ ಬಪ್ಪತನ್ಕ ಕಾಂಬ” ಎಂದಳು ಉಮಾವತಿ.

ದೋಣಿ ಹೊಯ್ದಾಡುತ್ತ ನಿಂತಿತು. ಅರ್ಧ ಗಂಟೆ, ಒಂದು ಗಂಟೆ. ರಾಘವೇಂದ್ರ ನೀರಿನ ಬಾಟಲಿ ಕೊಟ್ಟರೆ ರೋಹನ್ ಒಂದು ಗುಟುಕು ಕುಡಿದು ಮತ್ತೆ ದಡದ ದಿಕ್ಕಿಗೇ ಕಣ್ಣು ನೆಟ್ಟ. ಉಮಾವತಿಯೂ ಅತ್ತಲೇ ನೋಡುತ್ತಿದ್ದಳು. ಎಲ್ಲಾದರೂ ತನ್ನ ಲೆಕ್ಕವೇ ತಪ್ಪಿ ಒಂದು ದೋಣಿ ಕಂಡುಬಿಟ್ಟರೆ? ಒಂದೂವರೆ ಗಂಟೆಯಾಯಿತು. ಯಾವ ದೋಣಿಯೂ ಕಾಣಲಿಲ್ಲ.

“ಯಾರೂ ಬತ್ತಿಲ್ಲೆ, ಉಮಕ್ಕ” ಎಂದ ರೋಹನ್.

“ದೀಪ ಕೆಂಪಿದ್ರೆ ಬಟ್ಟೆ ಬೀಸ್ತ್ರ್, ಬೇರೆ ದೋಣಿಯವ್ರನ್ನ ಕರಿತ್ರ್. ಹಸಿರ್ ಕಂಡವ್ರ್ ಸುಮ್ನೆ ಕೂಕಂತ್ರ್. ನಾವ್ ಕೂಕಂಡಾಂಗೆ.”

ದಡಕ್ಕೆ ಬಂದಾಗ ಸುಬ್ಬ ಫೋನನ್ನು ಎತ್ತಿ ತೋರಿಸಿದ. ಸುದ್ದಿಯೇ ಬಂದಿರಲಿಲ್ಲ. ಸೋಮವಾರದ ಹಂಚಿಕೆ ಅಲ್ಲಿಗೇ ನಿಂತಿತು.

ಉಮಾವತಿ ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಹತ್ತು ದಿನ ಬಿಟ್ಟು ರೋಹನ್ ಉಪ್ಪುಂದದ ಅವಳ ಮನೆಗೆ ಬಂದ. ತಪ್ಪು ತಿದ್ದಿದ್ದೇವೆ, ನಿಮ್ಮ ದೀಪದ ಭಾಗಕ್ಕೆ ಮತ್ತೆ ಅನುಮತಿ ಕೊಡುತ್ತೇನೆ, ಕೆಲಸಕ್ಕೆ ಬನ್ನಿ ಎಂದ. ಉಮಾವತಿ ಚಹಾ ಕೊಟ್ಟಳು, ಆದರೆ ಒಪ್ಪಿಗೆ ಕೊಡಲಿಲ್ಲ. ಪರೀಕ್ಷೆ ಮಾಡುವವಳಿಗೆ ಕೋಡು ಪೂರ್ತಿ ಕಾಣಬೇಕು, ತಪ್ಪು ಹೇಳಿದ್ದಕ್ಕೆ ಇನ್ನು ಯಾರ ಕನ್ನಡಕವೂ ಕುರುಡಾಗಬಾರದು. ಇದನ್ನು ಬರೆದು ಕೊಟ್ಟರೆ ಬರುತ್ತೇನೆ ಎಂದಳು. ಹಾಗಾದರೆ ಗುಟ್ಟು ಉಳಿಯುವುದು ಹೇಗೆ ಎಂದು ಕೇಳಿದ ರೋಹನ್. ಗುಟ್ಟು ಕಳ್ಳರಿಗಿರಲಿ, ಕೆಲಸ ಮಾಡುವವರಿಗೆ ಯಾಕೆ ಎಂದಳು ಅವಳು. ಅವನು ಚಹಾದ ಲೋಟ ಕೆಳಗಿಟ್ಟು ಎದ್ದು ಹೋದ.

ಕಾಗದ ಬರಲು ಹದಿನೈದು ದಿನ ಹಿಡಿಯಿತು. ಅವಳು ಕೇಳಿದ್ದೆಲ್ಲ ಅದರಲ್ಲಿತ್ತು. ಕೆಲಸಕ್ಕೆ ಮರಳಿದ ಉಮಾವತಿ ಕೋಡನ್ನು ಮೊದಲ ಸಾಲಿನಿಂದ ಓದುತ್ತ ಹೊರಟಳು. ಮೂರನೆಯ ದಿನವೇ ಬ್ಯಾಟರಿಯ ಭಾಗದಲ್ಲಿ ಇನ್ನೊಂದು ತಪ್ಪು ಸಿಕ್ಕಿತು. ಮಧ್ಯಾಹ್ನದ ಊಟಕ್ಕೂ ಏಳದೆ ಅದನ್ನು ಬರೆದು ಮುಗಿಸಿ, ರೋಹನನ ಬಾಗಿಲು ತಟ್ಟಿದಳು.